ತಕ್ಕಡಿ ತಾತನ ಕಿವಿ

ನಮ್ಮ ಭಾವನನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳಿಕೆ ಸುಳ್ಳು ಅಂತಲ್ಲ. ಕೈಕೆಲಸ ಚೆನ್ನ, ಮನಸ್ಸು ಒಳ್ಳೆಯದು, ಕುಡಿತವಿಲ್ಲ, ಯಾರ ತಂಟೆಗೂ ಹೋಗುವವರಲ್ಲ, ಎಲ್ಲ ನಿಜ. ಇಷ್ಟೆಲ್ಲ ಒಳ್ಳೆಯತನ ಇಟ್ಟುಕೊಂಡೂ ಒಬ್ಬ ಮನುಷ್ಯ ಮನೆಯವರ ಜೀವ ಎಷ್ಟು ಹಿಂಡಬಹುದು ಅಂತ ಹೊಗಳುವವರಿಗೆ ಗೊತ್ತಿಲ್ಲ, ಅಷ್ಟೆ. ನನಗೆ ಗೊತ್ತು. ಅಕ್ಕನನ್ನು ಅವರಿಗೆ ಕೊಟ್ಟ ದಿನದಿಂದ ನೋಡುತ್ತಿದ್ದೇನೆ.

ಭಾವ ಲೇತ್ ಕೆಲಸದವರು. ಬಡಕಲು ಮೈ, ಉದ್ದ ಕೈ, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಜಗ್ಗದ ಎಣ್ಣೆಕಪ್ಪು. ಹೊಟ್ಟೆಪಾಡಿಗೆ ಯಾರದೋ ಪಂಪಿನ ಶಾಫ್ಟು, ಯಾರದೋ ಗಾಡಿಯ ಬುಷ್ ತಿರುವಿಕೊಡುತ್ತಾರೆ. ಜೀವ ಇರುವುದು ಮಾತ್ರ ಲೋಕದಲ್ಲಿ ಇಲ್ಲದ ಮಿಷನ್ ಕಟ್ಟುವುದರಲ್ಲಿ. ಮದುವೆಯಾದ ಹೊಸದರಲ್ಲಿ ಅಕ್ಕನ ಹೊಲಿಗೆ ಮಿಷನ್ ಬಿಚ್ಚಿ ಕಾಗದದ ಕವರ್ ಮಡಚುವ ಯಂತ್ರ ಮಾಡಿದರು. ಅದು ಕವರನ್ನೂ ಮಡಚಿತು, ಹತ್ತಿರ ನಿಂತಿದ್ದ ನನ್ನ ಅಂಗಿಯ ತೋಳನ್ನೂ ಮಡಚಿತು. ಹೊಲಿಗೆ ಮಿಷನ್ ಮತ್ತೆ ಹೊಲಿಗೆ ಮಿಷನ್ ಆಗಲೇ ಇಲ್ಲ. ಅಕ್ಕ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೇ ಇರುವುದೇ ಆ ಮನೆಯ ದೊಡ್ಡ ರೋಗ. ಅನ್ನುವ ಕೆಲಸವೆಲ್ಲ ನನ್ನ ತಲೆಗೆ ಕಟ್ಟಿದೆ.

ಭಾವನ ಅಂಗಡಿ ಇದ್ದ ಬೀದಿಯನ್ನು ಬೀದಿ ಅನ್ನುವುದೇ ಒಂದು ಮರ್ಯಾದೆ. ಎರಡು ಸಾಲು ಗೂಡುಗಳ ನಡುವೆ ಒಂದು ಸಂದಿ. ಒಂದು ಕೈಗಾಡಿ ಬಂದರೆ ಎದುರಿನವರು ಹೊಟ್ಟೆ ಒಳಗೆ ಎಳೆದುಕೊಂಡು ಗೋಡೆಗೆ ಅಂಟಬೇಕು. ಭಾವನ ಲೇತಿನ ಎದುರಿಗೆ ರಬ್ಬರನ್ನು ಅಚ್ಚಿನಲ್ಲಿ ಬೇಯಿಸುವ ರಬ್ಬರಿನವನು, ಅವನ ಪಕ್ಕದಲ್ಲಿ ಸ್ಪ್ರಿಂಗ್ ಸುತ್ತುವವನು, ಆಚೆ ವೆಲ್ಡಿಂಗ್, ಈಚೆ ಪಾಲಿಶ್. ಸದ್ದು, ಹೊಗೆ, ಸುಟ್ಟ ರಬ್ಬರಿನ ನಾತ. ಅಲ್ಲಿಗೆ ಹೋಗಿಬಂದ ದಿನ ನನ್ನ ಕೂದಲು ಎರಡು ಸಲ ತೊಳೆದರೂ ಟೈರಿನ ವಾಸನೆ ಹೊಡೆಯುತ್ತಿತ್ತು.

ಆ ರಬ್ಬರಿನವನ ಹೊಸ್ತಿಲ ಮೇಲೆ ಒಂದು ಸ್ಟೂಲು ಹಾಕಿಕೊಂಡು ತಕ್ಕಡಿ ತಾತ ಕೂರುತ್ತಿದ್ದರು. ಅಂಗಡಿಯವರ ತಕ್ಕಡಿ ರಿಪೇರಿ ಮಾಡುವುದು ಅವರ ಕಸುಬು. ಗುಂಡಗಿನ ಮುಖ, ಉಬ್ಬಿದ ಗಲ್ಲ, ಕಿವಿಯ ಹಾಲೆ ಮಾತ್ರ ಹೆಗಲು ಮುಟ್ಟಲು ಹೊರಟಷ್ಟು ಉದ್ದ, ದಪ್ಪ. ಈ ಹಾಲೆ ಇಡೀ ಬೀದಿಯ ಅಳತೆಗೋಲಾಗಿತ್ತು ಅಂದರೆ ನೀವು ನಂಬುವುದಿಲ್ಲ. ಯಾರಿಗೆ ಯಾವ ವಾಷರ್ ಬೇಕಾದರೂ, ಯಾವ ಬುಷ್ ಬೇಕಾದರೂ, ರಬ್ಬರ್ ಎಷ್ಟು ಮೆತ್ತಗಿರಬೇಕು ಅಂತ ಹೇಳುತ್ತಿದ್ದುದು ತಾತನ ಮುಖ ಮುಟ್ಟಿ. ಗಟ್ಟಿ ಬೇಕಿದ್ದರೆ ಹಣೆ. ಸ್ವಲ್ಪ ಮೆತ್ತಗಿರಲಿ ಅಂದರೆ ಮೂಗಿನ ತುದಿ. ಇನ್ನೂ ಮೆತ್ತಗೆ ಅಂದರೆ ಕಿವಿಯ ಹಾಲೆ. ತೀರಾ ಮೆತ್ತಗಿನದಕ್ಕೆ ಗಲ್ಲ. ಕೇಳುವವನು ಬಂದು ತಾತನ ಕಿವಿ ಒತ್ತಿ, "ಇದಕ್ಕಿಂತ ಒಂದು ಚೂರು ಬಿಗಿ ಇರ್ಲಿ" ಅನ್ನುತ್ತಿದ್ದ. ರಬ್ಬರಿನವನು ಅದೇ ಕಿವಿಯನ್ನು ತಾನೂ ಒತ್ತಿ, "ಆಯ್ತು, ಊಟ ಮಾಡ್ಕೊಂಡು ಬಾ" ಅನ್ನುತ್ತಿದ್ದ. ತಾತ ತಲೆ ಎತ್ತದೆ ತಕ್ಕಡಿಯ ಮುಳ್ಳು ಸರಿಮಾಡುತ್ತ ಕೂತಿರುತ್ತಿದ್ದರು.

"ನಿಮಗೆ ಬೇಜಾರಾಗಲ್ವಾ ತಾತ?" ಎಂದು ನಾನೊಮ್ಮೆ ಕೇಳಿದೆ.

"ಶಾಲೇಲಿ ಮೇಷ್ಟ್ರು ಪುಕ್ಕಟೆ ಹಿಂಡ್ತಿದ್ರು. ಇವ್ರು ಟೀ ಕೊಡಿಸ್ತಾರೆ" ಅಂದರು.

ಈಗ ಅಕ್ಕನ ವಿಷಯ. ಭಾವನ ಲೇತು ಮನೆ ನಡೆಸಿದ್ದಕ್ಕಿಂತ ಅಕ್ಕನ ಬೆಳ್ಳುಳ್ಳಿ ಮನೆ ನಡೆಸಿದ್ದೇ ಹೆಚ್ಚು. ಮಸಾಲೆ ಅರೆದು ಡಬ್ಬಿ ತುಂಬುವ ಕಾರ್ಖಾನೆಯವರು ಬೆಳ್ಳುಳ್ಳಿಯ ಬುಟ್ಟಿಗಳನ್ನು ಮನೆಗೇ ಇಳಿಸಿ ಹೋಗುತ್ತಾರೆ. ಎಸಳು ಬಿಡಿಸಿ, ಸಿಪ್ಪೆ ಸುಲಿದು ವಾಪಸು ಕೊಡಬೇಕು. ಹೊಸ ಬೆಳ್ಳುಳ್ಳಿ ಬರುವ ಕಾಲದಲ್ಲಿ ಅದರ ರಸ ಎಷ್ಟು ಖಾರ ಅಂದರೆ, ಬೆರಳ ಚರ್ಮ ಸುಲಿದು, ಒಣಗಿ, ಸೀಳಿ, ಮತ್ತೆ ಆ ಸೀಳಿನೊಳಗೆ ರಸ ಇಳಿಯುತ್ತದೆ. ಗ್ಲೌಸ್ ಹಾಕಿ ನೋಡಿದಳು. ಎಸಳು ಜಾರುತ್ತದೆ, ಬುಟ್ಟಿ ಮುಗಿಯುವುದಿಲ್ಲ. ಬಟ್ಟೆಯ ಪಟ್ಟಿ ಸುತ್ತಿಕೊಂಡು ಸುಲಿಯುತ್ತಿದ್ದಳು. ಹೋದ ವರ್ಷ ನಾನೇ ರಟ್ಟೆ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಅವಳ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಇನ್ನೊಂದು ಸೀಸನ್ ಹೀಗೇ ಮಾಡಿದ್ರೆ ಈ ತುದಿಗಳಲ್ಲಿ ಸ್ಪರ್ಶ ಉಳಿಯಲ್ಲಮ್ಮ. ಹೋದ್ರೆ ವಾಪಸ್ ಬರೋ ಭರವಸೆ ನಾನು ಕೊಡಲ್ಲ" ಎಂದರು.

ಮನೆಗೆ ಬಂದು ಹೇಳಿದಾಗ ಭಾವ ತಟ್ಟೆಯ ಮುಂದಿಂದ ಎದ್ದೇಬಿಟ್ಟರು. "ಮುಂದಿನ ಸೀಸನ್ನಿಗೆ ನೀನು ಒಂದು ಎಸಳೂ ಮುಟ್ಟಬಾರದು. ಮಿಷನ್ ಸುಲಿಯುತ್ತೆ" ಅಂದರು. ಜೀವನದಲ್ಲಿ ಮೊದಲ ಸಲ ನನಗೆ ಅವರ ಮೇಲೆ ಅಭಿಮಾನ ಉಕ್ಕಿತು. ಅದೇ ತಟ್ಟೆಯಲ್ಲಿ ಇನ್ನೊಂದು ಸಲ ಬಡಿಸಿದೆ ಕೂಡ.

ಮಿಷನ್ ಕಟ್ಟಿದರು. ದೊಡ್ಡ ಸಂಗತಿ ಏನಿಲ್ಲ, ಕೈಯಲ್ಲಿ ತಿರುಗಿಸುವ ಹಿಡಿಕೆ, ಎದುರುಬದುರಾಗಿ ಉರುಳುವ ಎರಡು ರಬ್ಬರ್ ರೋಲರ್. ನಡುವೆ ಎಸಳು ಬಿದ್ದರೆ ಉಜ್ಜಿ ಸಿಪ್ಪೆ ಬಿಡಿಸಬೇಕು. ಎಲ್ಲ ಇರುವುದು ರೋಲರಿನ ಮೆತ್ತನೆಯಲ್ಲಿ. ಗಟ್ಟಿಯಾದರೆ ಬೆಳ್ಳುಳ್ಳಿ ಜಜ್ಜಿಹೋಗುತ್ತದೆ. ಮೆತ್ತಗಾದರೆ ಎಸಳು ಕೋಟು ಬಿಚ್ಚದೆ ಹಾಗೇ ಜಾರಿ ಬರುತ್ತದೆ. ಭಾವ ಬೆಳಿಗ್ಗೆ ಒಂದು ರೋಲರ್ ಹಾಕಿ ತಿರುಗಿಸಿ, ಕೈಯಲ್ಲಿ ಒತ್ತಿ ನೋಡಿ, ಬೀದಿ ದಾಟಿ ತಾತನ ಕಿವಿ ಒತ್ತಿ, "ಇದರಷ್ಟಲ್ಲ ಗುರು, ಇದಕ್ಕೂ ಗಲ್ಲಕ್ಕೂ ನಡುವೆ" ಅನ್ನುತ್ತಿದ್ದರು. ಮಧ್ಯಾಹ್ನಕ್ಕೆ ರಬ್ಬರಿನವನು ಬೇರೆಯವರ ಕೆಲಸದ ಜೊತೆಗೇ ಒಂದು ತುಂಡು ಬೇಯಿಸಿ ಎಸೆಯುತ್ತಿದ್ದ. ಸಂಜೆಗೆ ಇನ್ನೊಂದು. ನಡುವೆ ಸ್ಪ್ರಿಂಗಿನವನು ಹಾದುಹೋಗುತ್ತ ಒಂದು ಸ್ಪ್ರಿಂಗ್ ಬದಲಿಸಿ ಹೋಗಿದ್ದ, ಯಾರೂ ಕರೆದಿರಲಿಲ್ಲ. ಎಸಳು ಜಜ್ಜುವುದು ಕಡಿಮೆಯಾಗುತ್ತ ಬಂತು. "ಇನ್ನೇನು ಬಂತು" ಎಂದು ಭಾವ ದಿನಾ ಅನ್ನುತ್ತಿದ್ದರು, ನಾವೂ ನಂಬಿದ್ದೆವು.

ಆಗ ಬಂತು ನೋಡಿ, ಹೊಸ ಕೈಗಾರಿಕಾ ವಸಾಹತು.

ಇಲ್ಲೇ ನನಗೆ ತಲೆ ಚಿಟ್ಟು ಹಿಡಿಯುವುದು. ಯಾರೋ ಬಂದು ಬೀದಿಯವರನ್ನು ಎಬ್ಬಿಸಿದರು ಅಂತ ನಾನು ಅಳುವುದಕ್ಕೂ ಇಲ್ಲ. ಎದ್ದು ಹೋಗೋಣ ಅಂತ ಮೊದಲು ಕುಣಿದವರು ನಮ್ಮ ಭಾವನೇ. ಕೈಗಾರಿಕೆ ಇಲಾಖೆಯ ಆಫೀಸರಮ್ಮ ಸಭೆ ಕರೆದಾಗ ಮುಂದಿನ ಸಾಲಿನಲ್ಲಿ ಕೂತವರು ಇವರು. "ಈ ಗೂಡಲ್ಲಿ ಕೈ ಚಾಚಿದ್ರೆ ಗೋಡೆ. ಹೀಗಿದ್ರೆ ಹೊಸದು ಏನು ಹುಟ್ಟುತ್ತೆ ಹೇಳಿ?" ಎಂದು ಭಾಷಣ ಬೇರೆ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಆಫೀಸರಮ್ಮ ಗೋಡೆಯ ಮೇಲೆ ಇಡೀ ಪ್ರಾಂತ್ಯದ ನಕ್ಷೆ ಬಿಡಿಸಿ, "ಒಂದು ಬೀದಿ ಅಂತ ಯೋಚಿಸಬೇಡಿ. ಈ ಇಡೀ ಪ್ರಾಂತ್ಯನೇ ಒಂದು ದೊಡ್ಡ ಕಾರ್ಖಾನೆ ಅಂದ್ಕೊಳ್ಳಿ" ಎಂದರು. ಭಾವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ವಾರವಿಡೀ ಮನೆಯಲ್ಲಿ ಅದೇ ಜಪ.

ಲೋಹದ ಕೆಲಸದವರಿಗೆಲ್ಲ ಊರಿನ ಉತ್ತರಕ್ಕೆ, ಕಲ್ಲುಕ್ವಾರಿ ದಾಟಿ ಜಾಗ ಸಿಕ್ಕಿತು. ರಬ್ಬರು, ಬಣ್ಣ, ರಾಸಾಯನಿಕ, ಅಂದರೆ ನಾತ ಬರುವ ಕಸುಬೆಲ್ಲ, ದಕ್ಷಿಣಕ್ಕೆ ಹೊಳೆಯ ಆಚೆ. ತಕ್ಕಡಿ ತಾತನಿಗೆ ಎಲ್ಲೂ ಇಲ್ಲ, ಯಾಕೆಂದರೆ ಅವರಿಗೆ ಅಂಗಡಿಯೇ ಇರಲಿಲ್ಲ. ಇದ್ದದ್ದು ಒಂದು ಸ್ಟೂಲು, ಅದೂ ಇನ್ನೊಬ್ಬರ ಹೊಸ್ತಿಲ ಮೇಲೆ. ಬೀದಿ ಖಾಲಿಯಾದ ದಿನ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲಿಗೋ ಹೋದರು. ಎಲ್ಲಿಗೆ ಅಂತ ಒಬ್ಬನಾದರೂ ಕೇಳಿದನೇ? ಇಲ್ಲ. ಅಷ್ಟು ವರ್ಷ ಕಿವಿ ಹಿಂಡಿದವರಲ್ಲಿ ಒಬ್ಬನೂ ಕೇಳಲಿಲ್ಲ.

ಹೊಸ ಶೆಡ್ಡು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಎತ್ತರದ ಸೂರು, ಕಿಟಕಿಯಿಂದ ಬೆಳಕು, ಕೈಕೊಡದ ಕರೆಂಟು. ದೊಡ್ಡ ದೊಡ್ಡ ಕೆಲಸ ಮಾಡುವವರು ಅಲ್ಲಿ ನಿಜಕ್ಕೂ ಉದ್ಧಾರವಾಗಿದ್ದಾರೆ. ಭಾವ ಮೊದಲ ದಿನ ನಮ್ಮನ್ನು ಕರೆದುಕೊಂಡು ಹೋಗಿ ನಡುವೆ ನಿಲ್ಲಿಸಿ, "ಕೂಗಿ ನೋಡು" ಅಂದರು. ನಾನು ಕೂಗಿದೆ. ನನ್ನ ದನಿಯೇ ವಾಪಸು ಬಂತು, ಬೇರೆ ಯಾರೂ ಓಗೊಡಲಿಲ್ಲ.

ನಾನು ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುವವಳು. ಯಾವ ಬಸ್ಸು ಎಲ್ಲಿಗೆ, ಯಾವಾಗ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಇದನ್ನು ದಿನವಿಡೀ ಹೇಳುವುದು ನನ್ನ ಅನ್ನ. ಉತ್ತರದ ವಸಾಹತಿನಿಂದ ದಕ್ಷಿಣದ ವಸಾಹತಿಗೆ ನೇರ ಬಸ್ಸಿಲ್ಲ. ಎಲ್ಲರೂ ನನ್ನ ಕಿಟಕಿಯ ಮುಂದೆ ಇಳಿದು ಕಾಯಬೇಕು. ಎರಡು ತಿಂಗಳು ಕಳೆಯುವುದರೊಳಗೆ ಹಳೆಯ ಬೀದಿಯ ಮುಖಗಳೆಲ್ಲ ನನ್ನ ಮುಂದೆ ಪ್ರತ್ಯಕ್ಷ. ಒಬ್ಬನ ಚೀಲದಲ್ಲಿ ಸ್ಪ್ರಿಂಗು, ಇನ್ನೊಬ್ಬನದರಲ್ಲಿ ಪಾಲಿಶ್ ಆಗಬೇಕಾದ ಹಿಡಿಕೆ. ಎಲ್ಲರದೂ ಒಂದೇ ಪ್ರಶ್ನೆ, "ಹೊಳೆ ಆಚೆಗೆ ಮುಂದಿನ ಬಸ್ ಯಾವಾಗಮ್ಮಾ?"

ಭಾವನೂ ಬರುತ್ತಿದ್ದರು, ರೋಲರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು. ಹೋಗಲು ಅರ್ಧ ದಿನ, ಅಲ್ಲಿ ರಬ್ಬರಿನವನು ಸಿಗಬೇಕು, ಅವನ ಹೊಸ ದೊಡ್ಡ ಪ್ರೆಸ್ಸಿನಲ್ಲಿ ಸಣ್ಣ ತುಂಡು ಬೇಯಿಸಲು ಜಾಗ ಆಗಬೇಕು. ಆ ಪ್ರೆಸ್ಸು ಒಂದು ಸಲ ಬಾಯಿ ತೆರೆದರೆ ಗಾಡಿಗಟ್ಟಲೆ ನುಂಗುತ್ತದೆ. ವಾರ ಬಿಟ್ಟು ರೋಲರ್ ಬರುತ್ತಿತ್ತು. ಅಷ್ಟರಲ್ಲಿ ಹಿಂದಿನದು ಎಷ್ಟು ಮೆತ್ತಗಿತ್ತು ಎಂಬುದು ಭಾವನ ಕೈಗೆ ಮರೆತುಹೋಗಿರುತ್ತಿತ್ತು. ಬೀದಿ ದಾಟುವಷ್ಟು ಹೊತ್ತು ಆ ನೆನಪು ಬೆರಳಲ್ಲಿ ನಿಲ್ಲುತ್ತದೆ, ಎರಡು ಬಸ್ಸು ಬದಲಿಸುವಷ್ಟು ಹೊತ್ತು ನಿಲ್ಲುವುದಿಲ್ಲ. ಫೋನಿನಲ್ಲಿ ನಡೆಯುತ್ತಿದ್ದ ಮಾತುಕತೆಯನ್ನು ನಾನೇ ಕೇಳಿದ್ದೇನೆ, ನಿಲ್ದಾಣದ ಬೆಂಚಿನ ಮೇಲೆ ಕೂತು ಭಾವ ತಮ್ಮ ಕಿವಿಯನ್ನೇ ತಾವು ಹಿಡಿದುಕೊಂಡಿದ್ದರು.

"ಕಿವಿಗಿಂತ ಮೆತ್ತಗೆ ಕಣೋ!"

"ಯಾರ ಕಿವಿ?" ಆ ಕಡೆಯಿಂದ ರಬ್ಬರಿನವನು ಕೂಗುತ್ತಿದ್ದ. "ನಿನ್ನ ಕಿವಿ ಒಣಗಿದ ಎಲೆ. ನನ್ನದು ನನಗೇ ಸಿಗ್ತಾ ಇಲ್ಲ. ತಾತನ ಕಿವಿ ಹೇಗಿತ್ತು ಅಂತ ನಿಂಗೆ ನೆನಪಿದೆಯಾ?"

"ಇದೆ. ಹೀಗಿತ್ತು."

"ಹೀಗಿತ್ತು ಅಂದ್ರೆ ಫೋನಲ್ಲಿ ಹೇಗೆ ಕಾಣುತ್ತೆ, ಮಹಾನುಭಾವ?"

ಜನ ತಿರುಗಿ ತಿರುಗಿ ನೋಡುತ್ತಿದ್ದರು. ನಾನು ಕಿಟಕಿಯ ಪರದೆ ಎಳೆದುಕೊಂಡೆ.

ಬೆಳ್ಳುಳ್ಳಿಯ ಕಾಲ ಯಾರಿಗೂ ಕಾಯುವುದಿಲ್ಲ. ಬುಟ್ಟಿಗಳು ಬಂದು ಇಳಿದವು. "ಒಂದು ವಾರ ತಡಿ, ರೋಲರ್ ಬರುತ್ತೆ" ಎಂದರು ಭಾವ. ಅಕ್ಕ ಬಟ್ಟೆ ಸುತ್ತಿಕೊಂಡು ಕೂತಳು. ಮುಂದಿನ ವಾರ ಬಂದ ರೋಲರ್ ಬೆಳ್ಳುಳ್ಳಿಯನ್ನು ಚಟ್ನಿ ಮಾಡಿತು. ಅದರ ಮುಂದಿನದು ಒಂದು ಸಿಪ್ಪೆಯನ್ನೂ ಬಿಡಿಸಲಿಲ್ಲ. ಬುಟ್ಟಿ ಬೇಡ ಅನ್ನು ಅಂತ ನಾನು ಬಡಿದುಕೊಂಡೆ. "ಇವತ್ತು ಬೇಡ ಅಂದ್ರೆ ಇನ್ನೊಬ್ಬರ ಮನೇಲಿ ಇಳಿಸ್ತಾರೆ ಕಣೇ. ಆಮೇಲೆ ಮಿಷನ್ ಬಂದ್ರೂ ಸುಲಿಯೋಕೆ ಬೆಳ್ಳುಳ್ಳಿ ಎಲ್ಲಿರುತ್ತೆ?" ಅಂದಳು. ಸ್ನಾನದ ನೀರಿನ ಬಿಸಿಯನ್ನು ಅವಳು ಮೊಣಕೈ ಅದ್ದಿ ನೋಡುತ್ತಿದ್ದುದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಪಟ್ಟಿ ನೆನೆಯಬಾರದು ಅಂತ ಹಾಗೆ ಮಾಡುತ್ತೇನೆ ಅಂದಿದ್ದಳು.

ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ ನೇರ ಆಫೀಸರಮ್ಮನ ಕಚೇರಿಗೆ ಹೋದೆ. ಅವರು ಕೂರಿಸಿ ನೀರು ಕೊಟ್ಟರು, ಅದರಿಂದ ನನ್ನ ಸಿಟ್ಟು ಇನ್ನೂ ಏರಿತು. ಗೋಡೆಯ ಮೇಲೆ ಅದೇ ನಕ್ಷೆ. ಉತ್ತರದ ವಸಾಹತಿಗೂ ದಕ್ಷಿಣದ ವಸಾಹತಿಗೂ ನಡುವೆ ಒಂದು ಗೇಣು.

"ಮೇಡಂ, ಈ ಗೇಣಿನೊಳಗೆ ಎಷ್ಟು ಬಸ್ ಹಿಡಿಬೇಕು ಗೊತ್ತಾ ನಿಮಗೆ? ಲೇತಿನವ್ರನ್ನ ಒಂದು ಕಡೆ, ರಬ್ಬರಿನವ್ರನ್ನ ಒಂದು ಕಡೆ ಒಗೆಯೋ ಮುಂಚೆ, ಯಾರಿಗೆ ಯಾರು ಬೇಕು ಅಂತ ಒಂದು ಮಾತು ಕೇಳಬಾರ್ದಾಗಿತ್ತಾ?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕೇಳಿದ್ವಮ್ಮ. ಒಂದೊಂದು ಅಂಗಡಿಗೂ ನಾನೇ ಹೋಗಿ ಕೇಳಿದೆ, ನಿಮ್ಮ ಕೆಲಸಕ್ಕೆ ಅಕ್ಕಪಕ್ಕದವರಲ್ಲಿ ಯಾರು ಬೇಕು, ಯಾರ ಹತ್ರ ಇರಬೇಕು ಅಂತ. ನಿಮ್ಮ ಭಾವ ಏನಂದ್ರು ಗೊತ್ತಾ? 'ನನಗೆ ಯಾರೂ ಬೇಡ. ಹೊಸ ಮಿಷನ್ ಅಂದ್ರೆ ಪೂರ್ತಿ ನನ್ನ ತಲೆ, ನನ್ನ ಕೈ' ಅಂದ್ರು."

ನಾನು ನಕ್ಷೆಯ ಕಡೆ ತಿರುಗಿದೆ.

"ಅವರೊಬ್ಬರೇ ಅಲ್ಲ" ಎಂದು ಅವರೇ ಮುಂದುವರಿಸಿದರು. "ಸ್ಪ್ರಿಂಗಿನವರೂ ಹಾಗೇ ಅಂದ್ರು, ರಬ್ಬರಿನವರೂ ಹಾಗೇ ಅಂದ್ರು. ಎದುರಿಗಿರೋನು ನನ್ನ ನೋಡಿ ಕಲಿತಿರೋದು, ಅವನಿಂದ ನನಗೇನು ಅಂತ ಒಬ್ಬೊಬ್ಬರೂ ಅಂದ್ರು. ನಾನು ನಂಬಿದೆ. ಒಂದು ದಿನ ಬೀದೀಲಿ ಸುಮ್ನೆ ಕೂತು ನೋಡಿದ್ರೆ ಗೊತ್ತಾಗಿರೋದು. ಕೂರಲಿಲ್ಲ. ಅದು ನನ್ನ ತಪ್ಪೇ."

ಜಗಳಕ್ಕೆ ಬಂದವರ ಮುಂದೆ ಹೀಗೆ ತಪ್ಪು ಒಪ್ಪಿಕೊಂಡರೆ ಏನು ಮಾಡುವುದು? ನೀರು ಕುಡಿದೆ. ವಿಷಯವೆಲ್ಲ ಹೇಳಿದೆ, ಕಿವಿಯ ಸಮೇತ. ಅವರು ನಗಲಿಲ್ಲ. ರಬ್ಬರಿನ ಮೆತ್ತನೆ ಅಳೆಯಲು ಮೀಟರ್ ಬರುತ್ತದೆ, ಸರಿಯಾದ ರೋಲರ್ ಒಂದು ಸಿಕ್ಕರೆ ಅಳೆದು ಕೊಡುತ್ತೇನೆ, ಆಮೇಲೆ ಯಾರ ಕಿವಿಯೂ ಬೇಡ ಅಂದರು. ಆದರೆ ಆ ಮೊದಲನೆಯ ಸರಿಯಾದದ್ದು ಸಿಗಬೇಕಲ್ಲ. "ಒಂದೊಂದೇ ಮಾಡಿಸಿ ಯಾಕೆ ಓಡಾಡ್ತಾರೆ? ದೊಡ್ಡ ಪ್ರೆಸ್ ಇದೆಯಲ್ಲ, ಒಂದೇ ಸಲಕ್ಕೆ ಬೇರೆ ಬೇರೆ ಮೆತ್ತನೆಯವು ಬೇಯಿಸಲಿ. ಎಲ್ಲರೂ ಒಂದು ಕಡೆ ಸೇರಿ ನೋಡಲಿ" ಎಂದರು. ಇಷ್ಟು ಸಣ್ಣ ಮಾತು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಮುಂದಿನದೇ ಸರಿಯಾದದ್ದು ಅಂತ ಭಾವ ಪ್ರತಿ ವಾರ ನಂಬಿಕೊಂಡೇ ಬಸ್ಸು ಹತ್ತುತ್ತಿದ್ದರು.

ಸಂಜೆ ಭಾವನನ್ನು ಅಕ್ಕನ ಎದುರಿಗೇ ಹಿಡಿದುಕೊಂಡೆ.

"ಯಾರೂ ಬೇಡ ಅಂದ್ರಂತೆ? ಪೂರ್ತಿ ನಿಮ್ಮ ತಲೆ, ನಿಮ್ಮ ಕೈ ಅಂದ್ರಂತೆ?"

ಭಾವ ನೆಲ ನೋಡಿದರು. "ಸರ್ಕಾರದವ್ರು ಬಂದು ಕೇಳಿದಾಗ, ಎದುರಿನವನ ಹತ್ರ ರಬ್ಬರ್ ತಗೋತೀನಿ, ಇನ್ನೊಬ್ಬರ ಕಿವಿ ಒತ್ತಿ ನೋಡ್ತೀನಿ ಅಂತ ಹೇಳೋಕಾಗುತ್ತಾ? ಮರ್ಯಾದೆ ಏನಾಗುತ್ತೆ?"

"ಈಗ ಏನಾಗಿದೆ ನೋಡಿ ನಿಮ್ಮ ಮರ್ಯಾದೆ! ಟವೆಲ್ಲಲ್ಲಿ ಸುತ್ಕೊಂಡು ಬಸ್ಸಲ್ಲಿ ತಿರುಗ್ತಾ ಇದೆ."

"ಸಾಕು ಸುಮ್ನಿರೇ" ಎಂದಳು ಅಕ್ಕ, ಬುಟ್ಟಿಯಿಂದ ತಲೆ ಎತ್ತದೆ. ಅವಳ ಮೇಲೂ ನನಗೆ ಅಷ್ಟೇ ಸಿಟ್ಟು ಬಂತು.

ತಾತನನ್ನು ಹುಡುಕಿದವಳು ನಾನು. ಕಂಡಕ್ಟರುಗಳಿಗೆಲ್ಲ ಹೇಳಿಟ್ಟೆ, ಹೆಗಲು ಮುಟ್ಟುವ ಕಿವಿಯ ಮುದುಕರು ಎಲ್ಲಾದರೂ ಕಂಡರೆ ತಿಳಿಸಿ ಎಂದು. ಅಂಥ ಕಿವಿ ಬಚ್ಚಿಡುವುದು ಕಷ್ಟ. ಪೂರ್ವದ ಕೊನೆಯ ನಿಲ್ದಾಣದಲ್ಲಿ, ಅಳಿಯನ ದಿನಸಿ ಅಂಗಡಿಯ ಮುಂದೆ ಅದೇ ಸ್ಟೂಲಿನ ಮೇಲೆ ಕೂತಿದ್ದಾರೆ ಅಂತ ಸುದ್ದಿ ಬಂತು. ಹೋಗಿ ವಿಷಯ ಹೇಳಿದೆ. ತಾತ ಬಹಳ ಹೊತ್ತು ನಕ್ಕರು.

"ಹೊರಡುವಾಗ ಒಬ್ಬನೂ ಎಲ್ಲಿಗೆ ಹೋಗ್ತೀಯ ಅಂತ ಕೇಳಲಿಲ್ಲ ಕಣಮ್ಮ. ಈಗ ಕಿವಿ ಬೇಕಾಯ್ತಾ?" ಅಂದರು. ನನಗೆ ನೆಲ ಬಿರಿದು ಒಳಗೆ ಹೋಗುವ ಹಾಗಾಯಿತು. ಆಮೇಲೆ ಅವರೇ ಚಪ್ಪಲಿ ಮೆಟ್ಟಿಕೊಂಡರು. "ನಡಿ. ಆ ಹುಡುಗಿ ಕೈಗೋಸ್ಕರ ಬರ್ತೀನಿ, ನಿಮ್ಮ ಭಾವನ ಮುಖಕ್ಕಲ್ಲ."

ಎಲ್ಲಿ ಸೇರುವುದು? ಉತ್ತರದವರು ದಕ್ಷಿಣಕ್ಕೆ ಹೋಗಲು, ದಕ್ಷಿಣದವರು ಉತ್ತರಕ್ಕೆ ಬರಲು, ತಾತ ಎರಡು ಕಡೆಗೂ ಹೋಗಲು ಕಷ್ಟ. ಎಲ್ಲರ ಬಸ್ಸೂ ನಿಲ್ಲುವುದು ನನ್ನ ಕಿಟಕಿಯ ಮುಂದೆ. ಹಾಗಾಗಿ ಬಸ್ ನಿಲ್ದಾಣದಲ್ಲೇ, ಪ್ರಯಾಣಿಕರು ಕಾಯುವ ಹಾಲಿನ ಮೂಲೆಯ ಕಬ್ಬಿಣದ ಬೆಂಚಿನ ಮೇಲೆ ಎಂದು ತೀರ್ಮಾನವಾಯಿತು. ನಮ್ಮ ಮೇಲಧಿಕಾರಿಗೆ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದಾಗ, ಅವರೇ ಬಂದು ಒಂದು ಕುರ್ಚಿ ಎಳೆದುಕೊಂಡು ಕೂತರು.

ಭಾವ ಮಿಷನ್ನನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿಸಿಕೊಂಡು ತಂದರು. ರಬ್ಬರಿನವನು ಒಂದು ಗೋಣಿಚೀಲ ತುಂಬ ರೋಲರ್ ಹೊತ್ತು ತಂದ. ಅಕ್ಕ ಒಂದು ಬುಟ್ಟಿ ಬೆಳ್ಳುಳ್ಳಿ ತಂದಳು. ತಾತ ಬೆಂಚಿನ ಮೇಲೆ ಕೂತು ತಲೆಯನ್ನು ಸ್ವಲ್ಪ ಓರೆ ಮಾಡಿ ಕೊಟ್ಟರು. ಅಷ್ಟು ದಿನ ಫೋನಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡಿದ್ದ ಇಬ್ಬರೂ ಎರಡು ಕಡೆ ನಿಂತು ಒಂದೊಂದು ಕಿವಿ ಹಿಡಿದರು.

"ನೋಡು, ಇದಕ್ಕೂ ಗಲ್ಲಕ್ಕೂ ನಡುವೆ" ಎಂದರು ಭಾವ.

"ಇದನ್ನ ಮುಂಚೆನೇ ಹೇಳೋಕೇನಾಗಿತ್ತು?" ಎಂದ ರಬ್ಬರಿನವನು.

"ಹೇಳಿದ್ನಲ್ಲೋ ಪ್ರತಿ ವಾರ!"

"ಹೇಳಿದೆ, ಮುಟ್ಟಿಸಲಿಲ್ಲ."

ಚೀಲದಿಂದ ಒಂದು ರೋಲರ್ ತೆಗೆಯುವುದು, ಒತ್ತುವುದು, ಕಿವಿ ಒತ್ತುವುದು, ಬೇಡ ಅನ್ನುವುದು. ಬಸ್ಸು ತಪ್ಪಿಸಿಕೊಂಡವರೂ, ತಪ್ಪಿಸಿಕೊಳ್ಳಲಿಕ್ಕೆಂದೇ ನಿಂತವರೂ ಸುತ್ತ ನೆರೆದರು. ಪ್ಲಾಟ್‌ಫಾರಂ ಕಡೆಯಿಂದ ಸ್ಪ್ರಿಂಗಿನವನು ತನ್ನ ಚೀಲದ ಜೊತೆ ಹಾದುಹೋಗುತ್ತಿದ್ದವನು ನಿಂತು, ಇಣುಕಿ, ಒಂದು ಸ್ಪ್ರಿಂಗನ್ನು ತೆಗೆದು ಬೇರೊಂದು ಹಾಕಿ, "ಅದಕ್ಕೇ ಬಿಗಿ ಸಾಲ್ತಿರಲಿಲ್ಲ" ಎಂದು ತನ್ನ ಬಸ್ಸಿಗೆ ಓಡಿದ. ಯಾರೂ ಕರೆದಿರಲಿಲ್ಲ.

ಟೀ ಎರಡನೆಯ ಸಲ ಬರುವ ಹೊತ್ತಿಗೆ ಆ ರೋಲರ್ ಸಿಕ್ಕಿತು. ಭಾವ ಹಿಡಿಕೆ ತಿರುಗಿಸಿದರು. ಒಂದು ಹಿಡಿ ಎಸಳು ಹಾಕಿದೆವು. ಈ ಕಡೆ ಸಿಪ್ಪೆ ಹಾರಿತು, ಆ ಕಡೆ ಎಸಳುಗಳು ಬೆಳ್ಳಗೆ, ಒಂದು ಗೀರೂ ಇಲ್ಲದೆ ತಟ್ಟೆಗೆ ಉದುರಿದವು. ನೆರೆದವರು ಹೋ ಎಂದರು. ನಮ್ಮ ಮೇಲಧಿಕಾರಿ ಕುರ್ಚಿಯಿಂದ ಎದ್ದು ನಿಂತರು. ಆಫೀಸರಮ್ಮನಿಗೆ ಫೋನ್ ಮಾಡಿ ಮೀಟರ್ ತರಲು ಹೇಳಬೇಕೆಂದು ನಾನು ಕಿಟಕಿಯ ಕಡೆ ಎರಡು ಹೆಜ್ಜೆ ಹಾಕಿದ್ದೆ. ಕಣ್ಣು ತುಂಬಿತ್ತು, ನಾಚಿಕೆಯೇನಿಲ್ಲ.

"ಮೊದಲು ಅವಳು ಒತ್ತಿ ನೋಡಲಿ" ಎಂದರು ಭಾವ. "ಇಷ್ಟು ದಿನ ನಾವೇ ಒತ್ತಿದ್ದಾಯ್ತು. ಮಿಷನ್ ಅವಳದು."

ಎಲ್ಲರೂ ಜಾಗ ಬಿಟ್ಟರು. ಅಕ್ಕ ಬೆರಳಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ಚೀಲದಿಂದ ಅದೇ ಮೆತ್ತನೆಯ ಇನ್ನೊಂದು ರೋಲರನ್ನು ಕೈಗೆತ್ತಿಕೊಂಡು ಒತ್ತಿದಳು. ಆಮೇಲೆ ತಾತನ ಕಿವಿಯ ಹಾಲೆಯನ್ನು ಹಿಡಿದಳು.

"ಮೆಲ್ಲಗೆ ಕಣಮ್ಮ" ಎಂದರು ತಾತ, ಮುಖ ಕಿವುಚಿ. ಅಷ್ಟು ಜೋರಾಗಿ ಹಿಂಡಿದ್ದಳು.

"ಎರಡೂ ಒಂದೇ ಥರ ಇದೆ" ಎಂದಳು ಅಕ್ಕ.

"ಒಂದೇ ಥರ ಹೇಗಿರುತ್ತೆ?" ರಬ್ಬರಿನವನು ನಕ್ಕ. "ಕಿವಿಗಿಂತ ಒಂದು ಚೂರು ಮೆತ್ತಗೇ ಅಲ್ವಾ ಮಾಡಿರೋದು? ಸರಿಯಾಗಿ ನೋಡಕ್ಕಾ."

ಅಕ್ಕ ಮತ್ತೆ ಒತ್ತಿದಳು, ಮತ್ತೆ ಕಿವಿ ಹಿಡಿದಳು. ಸ್ವಲ್ಪ ಹೊತ್ತು ತನ್ನ ಬೆರಳುಗಳನ್ನೇ ನೋಡಿದಳು. ಆಮೇಲೆ ಕೈ ಕೆಳಗಿಳಿಸಿ ಬೆಂಚಿನ ಕಬ್ಬಿಣದ ತೋಳನ್ನು ಅದೇ ರೀತಿ, ಅದೇ ಎರಡು ಬೆರಳಲ್ಲಿ ಹಿಡಿದಳು.

"ಇದೂ ಹಾಗೇ ಇದೆ" ಎಂದಳು.

ರಬ್ಬರಿನವನ ನಗು ಮುಖದ ಮೇಲೆ ಅರ್ಧಕ್ಕೇ ಉಳಿಯಿತು. ನನಗೆ ಆ ಹಾಲಿನಲ್ಲಿದ್ದ ಒಬ್ಬೊಬ್ಬರನ್ನೂ ಹಿಡಿದು ಕೇಳಬೇಕೆನ್ನಿಸಿತು, ಯಾರೂ ಬೇಡ ಅಂದಿರಲ್ಲ, ಈಗ ಹೇಳಿ ಅಂತ. ನಕ್ಷೆಯ ಆ ಒಂದು ಗೇಣನ್ನು ಕಿತ್ತು ಹರಿದು ಹಾಕಬೇಕೆನ್ನಿಸಿತು. ಹೊಳೆಯ ಆಚೆಗೆ ಹೋಗುವ ಬಸ್ಸು ಬಂದು ನಿಂತು, ಯಾರೂ ಹತ್ತದ್ದು ನೋಡಿ, ಹಾರನ್ ಮಾಡಿ ಹೊರಟುಹೋಯಿತು.

ಭಾವ ಹಿಡಿಕೆ ತಿರುಗಿಸುವುದನ್ನು ಯಾವಾಗಲೋ ನಿಲ್ಲಿಸಿದ್ದರು.

"ಯಾಕ್ರೀ ನಿಲ್ಲಿಸಿದ್ರಿ?" ಎಂದಳು ಅಕ್ಕ, ಪಟ್ಟಿಗಳನ್ನು ಮಡಚಿ ಚೀಲಕ್ಕೆ ಹಾಕುತ್ತ. "ತಿರುಗಿಸಿ. ಬುಟ್ಟೀಲಿ ಇನ್ನೂ ಇದೆಯಲ್ಲ."